ಸಾರಾ ತನ್ನೂರ ಮಾತಲ್ಲೇ ಅಳಲಿ

ಕಾಲೇಜಿನ ಎರಡನೇ ವರ್ಷದಲ್ಲಿ ಒಂದು ಐತಿಹಾಸಿಕ ನಾಟಕಕ್ಕೆ ನಾನು ರಾಜನ ಪಾತ್ರ ಕೇಳಿದ್ದೆ. ನಿರ್ದೇಶಕರು ನಾಲ್ಕು ಸಾಲು ಓದಿಸಿದರು. ‘ದನಿ ಚೆನ್ನಾಗಿದೆ, ಆದರೆ ನಿನ್ನ ಬೈಲಹೊಂಗಲದ ಮಾತು ಸಿಂಹಾಸನಕ್ಕೆ ಒಗ್ಗುವುದಿಲ್ಲ’ ಎಂದು ಹೇಳಿ ಸೇವಕನ ಪಾತ್ರ ಕೊಟ್ಟರು. ನಾನು ಬಾಯಿ ತೆರೆದಾಗಲೆಲ್ಲ ಸಭೆ ನಕ್ಕಿತು. ಆಮೇಲೆ ಮೂವತ್ತು ವರ್ಷ ನಾನೇ ಹುಡುಗರಿಗೆ ನಾಟಕ ಕಲಿಸಿದೆ. ಆ ಮಾತು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅದು ಕಿತ್ತು ಬಂದದ್ದು ನಿವೃತ್ತಿಯ ನಂತರ, ಕ್ರೀಟ್ ದ್ವೀಪದ ನಾಟಕಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದಾಗ.

ಗ್ರೀಕ್ ನಾಟಕ ಎಂದರೆ ನಮಗೆ ಸೊಫೊಕ್ಲಿಸ್, ಕಾವ್ಯ ಎಂದರೆ ಹೋಮರ್. ಆಮೇಲೆ ಒಮ್ಮೆಲೇ ‘ಜೋರ್ಬಾ’ ಬರೆದ ಕಜಾಂಟ್‌ಜಾಕಿಸ್. ನಡುವಿನ ಎರಡು ಸಾವಿರ ವರ್ಷ ಆ ಜನ ಬಾಯಿ ಮುಚ್ಚಿಕೊಂಡಿದ್ದರೇನೋ ಎಂಬಂತೆ ನಾವು ಓದುತ್ತೇವೆ. ಆದರೆ ಕಜಾಂಟ್‌ಜಾಕಿಸ್ ಹುಟ್ಟಿದ ಕ್ರೀಟಿನ ಅದೇ ಊರು ವೆನಿಸ್‌ನವರ ಆಳ್ವಿಕೆಯಲ್ಲಿ ಕ್ಯಾಂಡಿಯಾ ಆಗಿತ್ತು, ಊರವರ ಬಾಯಲ್ಲಿ ಕಾಸ್ತ್ರೊ. ಚಿತ್ರಕಾರ ಎಲ್ ಗ್ರೆಕೊ ಹುಟ್ಟಿದ್ದೂ ಅಲ್ಲೇ. 1669ರವರೆಗೆ, ನಾಲ್ಕೂವರೆ ಶತಮಾನ ಆ ದ್ವೀಪ ವೆನಿಸ್‌ನ ಕೈಯಲ್ಲಿತ್ತು. ಇಟಲಿಯ ಪುಸ್ತಕಗಳು ಹಡಗಿನಲ್ಲಿ ಬರುತ್ತಿದ್ದವು. ಅವನ್ನು ಓದಿದ ಕ್ರೀಟಿನ ಕವಿಗಳು ಹದಿನಾರನೆಯ ಶತಮಾನದ ಕೊನೆಗೆ ತಮ್ಮದೇ ನಾಟಕ, ತಮ್ಮದೇ ಕಾವ್ಯ ಬರೆದರು. ಬರೆದದ್ದು ಇಟಾಲಿಯನ್ನಿನಲ್ಲಲ್ಲ, ಹಳೆಯ ಗ್ರೀಕಿನಲ್ಲೂ ಅಲ್ಲ. ಉಳಿದ ಗ್ರೀಕರು ‘ಏನು’ ಎನ್ನಲು ‘ತಿ’ ಎಂದರೆ ‘ಇಂದಾ’ ಎನ್ನುವ ಕ್ರೀಟಿನ ಆಡುಮಾತಿನಲ್ಲಿ.

ರೆಥಿಮ್ನೊ ಊರಿನ ಯೊರ್ಗಿಸ್ ಹೊರ್ತಾಟ್ಸಿಸ್ ಬರೆದ ದುರಂತ ನಾಟಕ ‘ಎರೊಫಿಲಿ’. ಕಥೆ ನಡೆಯುವುದು ಈಜಿಪ್ಟಿನ ಮೆಂಫಿಸ್‌ನಲ್ಲಿ. ಪರದೆ ಸರಿದಾಗ ಮೊದಲು ಮಾತಾಡುವವನು ಸಾವು, ಹಾರೊಸ್. ರಾಜಕುಮಾರಿ ಗುಟ್ಟಾಗಿ ಮದುವೆಯಾದ ಪನಾರೆತೊಸ್‌ನನ್ನು ಅವಳ ಅಪ್ಪ ಕೊಲ್ಲಿಸಿ, ಅವನ ತಲೆ, ಕೈ, ಹೃದಯಗಳನ್ನು ಪಾತ್ರೆಯಲ್ಲಿಟ್ಟು ಮಗಳಿಗೆ ಕೊಡುತ್ತಾನೆ. ಈ ರಾಜನೂ ಈ ಸಾವೂ ಕ್ರೀಟಿನ ಮಾತನ್ನೇ ಆಡುತ್ತಾರೆ. ಯಾರೂ ನಗುವುದಿಲ್ಲ.

ಹಾಗಾದರೆ ನಗು ಯಾರ ಮೇಲೆ? ಅದೇ ಕವಿಯ ಪ್ರಹಸನ ‘ಕಟ್ಸೂರ್ಬೊಸ್’ ನೋಡಿ. ಅದು ಕಾಸ್ತ್ರೊದ ಬೀದಿಯಲ್ಲೇ ನಡೆಯುವ ಕಥೆ. ಹಸಿದ ಆಳಿದ್ದಾನೆ, ಜಂಬದ ಸೈನಿಕನಿದ್ದಾನೆ. ಜೊತೆಗೊಬ್ಬ ಮೇಷ್ಟ್ರು. ಅವನು ಬಾಯಿ ತೆರೆದರೆ ಲ್ಯಾಟಿನ್, ಇಟಾಲಿಯನ್ ಬೆರೆಸಿದ ಪಾಂಡಿತ್ಯ. ಅವನ ಮಾತು ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ, ನಗೆ ಹುಟ್ಟುವುದೇ ಅಲ್ಲಿ. ಈ ಪುಟ ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಮ್ಮ ರಂಗದಲ್ಲಿ, ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಎಷ್ಟೋ ಸಲ ನಾಯಕನಿಗೆ ಪುಸ್ತಕದ ಕನ್ನಡ, ನಗಿಸುವವನಿಗೆ ನಮ್ಮೂರ ಕನ್ನಡ. ನಾನೂರು ವರ್ಷದ ಹಿಂದೆ ಒಂದು ದ್ವೀಪದಲ್ಲಿ ಆ ತಕ್ಕಡಿ ಇನ್ನೊಂದು ಕಡೆಗೆ ವಾಲಿತ್ತು.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಕೂತದ್ದು ‘ಅಬ್ರಹಾಮನ ಬಲಿ’. ಲುಯಿಜಿ ಗ್ರೊಟೊ ಎಂಬ ಇಟಲಿಯವನ ನಾಟಕ ಇದರ ಮೂಲ. ಬರೆದವನು ವಿಟ್ಸೆಂಟ್ಜೊಸ್ ಕೊರ್ನಾರೊಸ್ ಇರಬೇಕೆಂದು ಹೆಚ್ಚಿನವರ ಅಭಿಪ್ರಾಯ. ಬೈಬಲಿನಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೊರಡುವ ಅಧ್ಯಾಯದಲ್ಲಿ ತಾಯಿ ಸಾರಾಳಿಗೆ ಒಂದೇ ಒಂದು ಮಾತಿಲ್ಲ. ಕ್ರೀಟಿನ ಕವಿ ಅವಳನ್ನು ನಡುರಾತ್ರಿ ಎಬ್ಬಿಸುತ್ತಾನೆ. ವಿಷಯ ತಿಳಿದು ಅವಳು ಮೂರ್ಛೆ ಹೋಗುತ್ತಾಳೆ. ಎದ್ದ ಮೇಲೆ ಹೊತ್ತ ತಿಂಗಳುಗಳನ್ನು, ಹಾಲೂಡಿಸಿದ ವರ್ಷಗಳನ್ನು ಲೆಕ್ಕ ಹಾಕುತ್ತಾಳೆ. ಮಲಗಿದ ಮಗನ ಹತ್ತಿರ ಹೋಗಿ, ಹಬ್ಬಕ್ಕೆ ಕಳಿಸುವಂತೆ ಒಳ್ಳೆಯ ಬಟ್ಟೆ ತೊಡಿಸುತ್ತಾಳೆ. ದೇವರ ಅಪ್ಪಣೆಯ ಕಥೆ ಅಲ್ಲಿಗೆ ಒಂದು ಮನೆಯ ಕಥೆಯಾಗುತ್ತದೆ. ನನ್ನ ತಮ್ಮ ತೀರಿಕೊಂಡಾಗ ನಮ್ಮವ್ವ ಹಾಡಿಕೊಂಡು ಅತ್ತಿದ್ದಳು. ಅವಳೂ ಹೀಗೇ ತಿಂಗಳು ಎಣಿಸಿದ್ದಳು. ಇಂಥ ಅಳು ಗ್ರಂಥದ ಭಾಷೆಯಲ್ಲಿ ಬರಲು ಸಾಧ್ಯವೇ ಇಲ್ಲ.

ಕೊರ್ನಾರೊಸ್‌ನ ದೊಡ್ಡ ಕೃತಿ ‘ಎರೊಟೊಕ್ರಿಟೊಸ್’. ಮಂತ್ರಿಯ ಮಗ ಅರಮನೆಯ ಕೆಳಗೆ ರಾತ್ರಿ ನಿಂತು ಹಾಡುತ್ತಾನೆ, ರಾಜಕುಮಾರಿ ಅರೆಟೂಸಾ ಮುಖ ಕಾಣದೆ ದನಿಗೇ ಮನಸೋಲುತ್ತಾಳೆ. ಹದಿನೈದು ಅಕ್ಷರಗಳ, ಅಂತ್ಯಪ್ರಾಸದ ಹತ್ತು ಸಾವಿರ ಸಾಲು. ಕೊನೆಯಲ್ಲಿ ಕವಿ ತನ್ನ ಹೆಸರು, ಹುಟ್ಟಿದ ಊರು ಸಿತಿಯಾ, ಮದುವೆಯಾದ ಊರು ಕಾಸ್ತ್ರೊ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಅವನು ವೆನಿಸ್ ಮೂಲದ ಶ್ರೀಮಂತ ಮನೆತನದವನೆಂದೂ, ಕ್ಯಾಂಡಿಯಾದಲ್ಲಿ ಸಾಹಿತ್ಯ ಅಕಾಡೆಮಿ ಕಟ್ಟಿ ಇಟಾಲಿಯನ್ನಿನಲ್ಲಿ ಬರೆದ ಆಂದ್ರೆಯಾ ಕೊರ್ನಾರೊ ಅವನ ಅಣ್ಣನೆಂದೂ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ತಮ್ಮನಾದ ಇವನು ಊರ ಮಾತು ಹಿಡಿದ. ಇವತ್ತು ಜನ ಹಾಡುವುದು ತಮ್ಮನನ್ನು.

ಆಟೋಮನ್ ಸೈನ್ಯ 1648ರಿಂದ ಇಪ್ಪತ್ತೊಂದು ವರ್ಷ ಕ್ಯಾಂಡಿಯಾಕ್ಕೆ ಮುತ್ತಿಗೆ ಹಾಕಿತ್ತು. ಆ ಮುತ್ತಿಗೆಯ ಒಳಗೇ ಕುಳಿತು, 1655ರಲ್ಲಿ, ಫೊಸ್ಕೊಲೊಸ್ ಎಂಬಾತ ‘ಫೊರ್ಟುನಾಟೊಸ್’ ಎಂಬ ಪ್ರಹಸನ ಬರೆದ. ಅವನ ಕೈಬರಹ ಇಂದಿಗೂ ಉಳಿದಿದೆ, ಲ್ಯಾಟಿನ್ ಲಿಪಿಯಲ್ಲಿ ಬರೆದ ಕ್ರೀಟಿನ ಮಾತು. ಊರು ಬಿದ್ದ ಮೇಲೆ ನಿರಾಶ್ರಿತರು ಹಸ್ತಪ್ರತಿಗಳನ್ನು ಹೊತ್ತು ಅಯೋನಿಯನ್ ದ್ವೀಪಗಳಿಗೆ ಹೋದರು. ‘ಎರೊಟೊಕ್ರಿಟೊಸ್’ 1713ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಅಗ್ಗದ ಪುಸ್ತಕವಾಗಿ ಹಳ್ಳಿಹಳ್ಳಿ ಸುತ್ತಿತು. ಆದರೆ 1818ರಲ್ಲಿ ಒಬ್ಬ ಪಂಡಿತರು ಅದನ್ನು ‘ಸಂಸ್ಕರಿಸಿ’, ಶಿಷ್ಟ ಭಾಷೆಗೆ ತಿರುಗಿಸಿ ಪ್ರಕಟಿಸಿದರು! ಗ್ರೀಸ್ ಸ್ವತಂತ್ರವಾದ ಮೇಲೂ 1976ರವರೆಗೆ ಸರ್ಕಾರದ ಅಧಿಕೃತ ಭಾಷೆ ಆ ಬಗೆಯ ಶುದ್ಧೀಕರಿಸಿದ ಗ್ರೀಕೇ ಆಗಿತ್ತು. ಪಂಡಿತರ ಆ ತಿದ್ದುಪಡಿ ಕಾವ್ಯವನ್ನು ಇಂದು ಓದುವವರಿಲ್ಲ. ಮೂಲವನ್ನು ಓದು ಬರಹ ಬಾರದ ಕುರುಬರೂ ಬಾಯಿಪಾಠ ಮಾಡಿಟ್ಟುಕೊಂಡರು. ನೊಬೆಲ್ ಪಡೆದ ಕವಿ ಸೆಫೆರಿಸ್ ಅದರ ಮೇಲೆ ಪ್ರಬಂಧ ಬರೆದರು. ಕ್ರೀಟಿನ ಗಾಯಕ ನಿಕೊಸ್ ಕ್ಸಿಲೂರಿಸ್ ಹಾಡಿದ್ದನ್ನು ಕೇಳಿ, ಭಾಷೆ ಬಾರದಿದ್ದರೂ ಪರವಾಗಿಲ್ಲ.

ನಮ್ಮ ರಂಗತಂಡಗಳಲ್ಲಿ, ಅನುವಾದಕರಲ್ಲಿ ನನ್ನದೊಂದು ಕೋರಿಕೆ. ‘ಅಬ್ರಹಾಮನ ಬಲಿ’ ದೊಡ್ಡ ನಾಟಕವಲ್ಲ, ಸಾವಿರಕ್ಕಿಂತ ತುಸು ಹೆಚ್ಚು ಸಾಲು. ಒಂದು ಸಂಜೆಗೆ ಸಾಕು. ಅದನ್ನು ಕನ್ನಡಕ್ಕೆ ತರುವವರು ಕುಂದಾಪುರದವರಾದರೆ ಕುಂದಾಪುರದ ಮಾತಿಗೆ ತನ್ನಿ, ಚಾಮರಾಜನಗರದವರಾದರೆ ಅಲ್ಲಿನ ಮಾತಿಗೆ. ಸಾರಾಳ ಪಾತ್ರಕ್ಕೆ ಬರುವ ಹುಡುಗಿ ಯಾವ ಊರಿನವಳೇ ಆಗಲಿ, ದಯವಿಟ್ಟು ಅವಳ ಮಾತನ್ನು ತಿದ್ದಬೇಡಿ.