‘ಸರ್ವರ್ ಡೌನ್’ ಎಂದರೆ ಸರ್ವರ್ ಕೆಟ್ಟಿದೆ ಎಂದೇ ಅರ್ಥವೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ – ಯಾವ ತಾಲ್ಲೂಕಾದರೂ ಸರಿ, ಪಹಣಿಗೆಂದು ಸಾಲಿನಲ್ಲಿ ನಿಂತವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಹೊಸದಲ್ಲ. ಅಲ್ಲಿಗೆ ಆ ದಿನದ ಕೂಲಿ ಹೋಯಿತು. ಎಲ್ಲೋ ಯಂತ್ರ ಕೆಟ್ಟಿರಬೇಕು ಎಂದುಕೊಳ್ಳುತ್ತೇವೆ. ಕರೆಂಟೋ ನೆಟ್‌ವರ್ಕೋ ಕೈಕೊಟ್ಟಿರಲೂಬಹುದು. ಆದರೆ ಎಲ್ಲವೂ ಸರಿಯಿದ್ದೂ ಸೇವೆ ನಿಲ್ಲುವುದುಂಟು. ಅದಕ್ಕೊಂದು ಕಾರಣ, ಡೇಟಾಬೇಸ್ ಸಂಪರ್ಕಗಳು ಮುಗಿದುಹೋಗುವುದು.

ಸಂಪರ್ಕಕ್ಕೂ ಮಿತಿಯಿದೆ

ಡೇಟಾಬೇಸ್ ಒಮ್ಮೆಗೆ ಇಂತಿಷ್ಟೇ ಸಂಪರ್ಕಗಳನ್ನು ಒಪ್ಪುತ್ತದೆ. ನಾವು ಬದಲಿಸದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಈ ಮಿತಿ 100, ಮೈಎಸ್‌ಕ್ಯೂಎಲ್‌ನಲ್ಲಿ 151. ಪ್ರತಿ ಬಾರಿ ಹೊಸ ಸಂಪರ್ಕ ತೆರೆಯಲು ಸಮಯ ಹಿಡಿಯುವುದರಿಂದ ತಂತ್ರಾಂಶವು ಕೆಲವನ್ನು ತೆರೆದಿಟ್ಟುಕೊಂಡು ಹಂಚುತ್ತದೆ. ಇದೇ ಪೂಲ್.

ದಾಖಲೆಯೇ ಅಡ್ಡಿಯಾದಾಗ

ಯಾರು, ಯಾವಾಗ, ಏನು ಮಾಡಿದರು ಎಂದು ತಂತ್ರಾಂಶ ಬರೆದಿಡುವ ದಾಖಲೆ ‘ಲಾಗ್’. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿಯ ಬೆರಳಚ್ಚು ಪಡೆಯುವುದು ತಿದ್ದುಪಡಿ ಯಾರದೆಂದು ಗೊತ್ತಾಗಲೆಂದೇ. ಜಮೀನಿನ ವಿಷಯದಲ್ಲಿ ಲಾಗ್ ಎಂದರೆ ಸಾಕ್ಷಿ.

ಪೂಲ್‌ನಲ್ಲಿ 10 ಸಂಪರ್ಕಗಳಿವೆ, ಒಮ್ಮೆಲೇ 10 ಅರ್ಜಿಗಳು ಬಂದವು ಎನ್ನೋಣ. ಪ್ರತಿ ಅರ್ಜಿಯೂ ಒಂದನ್ನು ಹಿಡಿದುಕೊಂಡು, ಲಾಗ್ ಬರೆಯಲು ಇನ್ನೊಂದನ್ನು ಕೇಳಿದರೆ? ಯಾರೂ ಬಿಡುವುದಿಲ್ಲ, ಯಾರಿಗೂ ಸಿಗುವುದಿಲ್ಲ. ಆ ವೈಫಲ್ಯವನ್ನು ಬರೆಯಲೂ ಮತ್ತೊಂದು ಸಂಪರ್ಕ ಬೇಕು!

ಇನ್ನೊಂದು ತೊಂದರೆ ಸೋರಿಕೆ. ಲಾಗ್ ಬರೆಯುವಾಗ ದೋಷ ಬಂದು, ಸಂಪರ್ಕ ಹಿಂದಿರುಗಿಸುವ ಸಾಲನ್ನು ತಂತ್ರಾಂಶ ತಲುಪುವುದೇ ಇಲ್ಲ. ನೀರು ಹಾಯಿಸಿಕೊಂಡವರು ತೂಬು ಮುಚ್ಚದಿದ್ದರೆ ಕೆಆರ್‌ಎಸ್ ತುಂಬಿದ್ದರೂ ನಾಲೆಯ ಕೊನೆಯ ಗದ್ದೆ ಒಣಗುತ್ತದಲ್ಲ, ಹಾಗೆ.

ರೀಸ್ಟಾರ್ಟ್ ಮಾಡಿದರೆ ಸಾಕೇ?

ಸಾಲದು. ರೀಸ್ಟಾರ್ಟ್ ಮಾಡಿದಾಗ ಹಿಡಿದಿಟ್ಟ ಸಂಪರ್ಕಗಳು ಬಿಡುಗಡೆಯಾಗುತ್ತವೆ, ಸೋರಿಕೆ ಉಳಿಯುತ್ತದೆ. ಮಿತಿ ಹೆಚ್ಚಿಸಿದರೂ ತೊಂದರೆ ಮುಂದೂಡಿದಂತಷ್ಟೇ.

ಮಾಡಬೇಕಾದ್ದು ಇಷ್ಟು:

• ಕೆಲಸ ಗೆದ್ದರೂ ಸೋತರೂ ಸಂಪರ್ಕ ಹಿಂದಿರುಗಲೇಬೇಕು. ಜಾವಾ, ಪೈಥಾನ್‌ಗಳಲ್ಲಿ ‘ಫೈನಲಿ’ ಭಾಗ ಇರುವುದು ಇಂಥ ಕೆಲಸಕ್ಕೇ.
• ತಿದ್ದುಪಡಿಯ ಸಾಕ್ಷಿಯನ್ನು ಅದೇ ಸಂಪರ್ಕದಲ್ಲಿ, ಅದೇ ವಹಿವಾಟಿನೊಳಗೆ ಬರೆಯಬೇಕು. ಆಗ ಎರಡೂ ಉಳಿಯುತ್ತವೆ, ಇಲ್ಲವೇ ಎರಡೂ ರದ್ದಾಗುತ್ತವೆ.
• ಸಾಮಾನ್ಯ ಲಾಗ್‌ಗಳನ್ನು ಸರದಿಯಲ್ಲಿಟ್ಟು, ಪ್ರತ್ಯೇಕ ಸಂಪರ್ಕದ ಮೂಲಕ ನಿಧಾನವಾಗಿ ಬರೆಯಬಹುದು.
• ಡೇಟಾಬೇಸ್ ಸಿಗದಿದ್ದರೆ ಆ ದೋಷವನ್ನು ಫೈಲ್‌ಗೆ ಬರೆಯಬೇಕು.
• ಕಾಯುವುದಕ್ಕೆ ಸಮಯದ ಮಿತಿ ಇರಬೇಕು.

ಆದ್ದರಿಂದ ‘ಸರ್ವರ್ ಡೌನ್’ ಎಂಬುದು ಉತ್ತರವಲ್ಲ, ರೋಗಲಕ್ಷಣ. ಜ್ವರಕ್ಕೆ ಕಾರಣ ಹುಡುಕುವಂತೆ ಇದಕ್ಕೂ ಹುಡುಕಬೇಕು. ಕೆಲವೊಮ್ಮೆ ಅದು ಹಿಂದಿರುಗಿಸಲು ಮರೆತ ಒಂದು ಸಂಪರ್ಕದಲ್ಲಿರುತ್ತದೆ.