ಕೊಲೆ ಮಾಡಿದ್ದು ನರಿಯೇನಾ?

ಪ್ರಾಣಿಗಳನ್ನು ಇಟ್ಟುಕೊಂಡು ಕೊಲೆಯ ಕತೆ ಹೇಳುವವರಿಗೆ ಒಂದು ತೊಂದರೆ ಇದೆ. ಪಾತ್ರದ ಹೆಸರು ಹೇಳುತ್ತಿದ್ದಂತೆ ಅಪರಾಧಿ ಯಾರು ಅಂತ ಗೊತ್ತಾಗಿಬಿಡುತ್ತೆ! ಕಾಡಿನಲ್ಲಿ ಎತ್ತೊಂದು ಸತ್ತು ಬಿದ್ದಿತ್ತು, ಅಲ್ಲಿ ಸಿಂಹ, ನರಿ, ಮೊಲ ಇದ್ದವು ಅಂತ ಮಕ್ಕಳಿಗೆ ಹೇಳಿ ನೋಡಿ. "ನರಿ ಸಾರ್" ಅಂತಾರೆ. ಸಾಕ್ಷಿ ಬೇಡ, ವಿಚಾರಣೆ ಬೇಡ.

ಈಗ ಕಂಪ್ಯೂಟರಿನಲ್ಲಿ ಓದುತ್ತಾ ಓದುತ್ತಾ ಯಾವ ಪ್ರಶ್ನೆ ಕೇಳಬೇಕು ಅಂತ ನಾವೇ ಆರಿಸಿಕೊಳ್ಳುವ ಕತೆಗಳು ಬಂದಿವೆ. 2020ರಲ್ಲಿ ಹಂಗೇರಿಯವರು ಮಾಡಿದ 'ಚಿಕನ್ ಪೊಲೀಸ್'ನಲ್ಲಿ ಪತ್ತೇದಾರರಿಗೆ ಹುಂಜದ ತಲೆ, ಮನುಷ್ಯರ ಮೈ. ಇಂಥ ಕತೆ ಕಟ್ಟುವವರಿಗೂ ಇದೇ ಕಷ್ಟ. ಪ್ರಾಣಿಯ ಸ್ವಭಾವದ ಬಗ್ಗೆ ನಮಗೆ ಮೊದಲೇ ಇರುವ ತೀರ್ಮಾನವನ್ನು ಏನು ಮಾಡುವುದು?

ನಮ್ಮ ಪಂಚತಂತ್ರ ಇದಕ್ಕೆ ಸರಿಯಾದ ದಾರಿ ಹಿಡಿದಿದೆ ಅಂತ ನನ್ನ ಅಭಿಪ್ರಾಯ. ದುರ್ಗಸಿಂಹ 1031ರಲ್ಲಿ, ವಸುಭಾಗನ ಪಾಠವನ್ನು ಹಿಡಿದು, ಕನ್ನಡಕ್ಕೆ ತಂದ ಕತೆ ಇದು. ಅವನು ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ. ಅರಮನೆಯ ಪಿಸುಮಾತು ಅವನಿಗೆ ಹೊಸದೇನಲ್ಲ ಬಿಡಿ. ಇಲ್ಲಿ ಸಂಚು ಮಾಡಿದವನು ದಮನಕ ಅಂತ ಮೊದಲಿನಿಂದಲೇ ನಮಗೆ ಗೊತ್ತು. ಗುಟ್ಟು ಇಲ್ಲವೇ ಇಲ್ಲ. ಆದರೆ ಸಂಜೀವಕನನ್ನು ಕೊಂದ ಉಗುರು ಯಾರದ್ದು? ಸಿಂಹದ್ದು. ನರಿ ಮುಟ್ಟಲೂ ಇಲ್ಲ. ಪಿಂಗಳಕ ಆ ಮಾತನ್ನು ಯಾಕೆ ನಂಬಿದ ಅನ್ನುವುದೇ ಕತೆಯ ಕುತೂಹಲ.

ಸಂಸ್ಕೃತ ಪಂಚತಂತ್ರದಲ್ಲಿ ದಮನಕ ಶಿಕ್ಷೆಯಿಲ್ಲದೆ ಮಂತ್ರಿಯಾಗಿ ಉಳಿಯುತ್ತಾನೆ. 8ನೇ ಶತಮಾನದಲ್ಲಿ ಇದನ್ನು ಅರಬ್ಬಿಗೆ ತಂದ ಇಬ್ನ್ ಅಲ್ ಮುಖಫ್ಫಾನಿಗೆ ಅದು ಒಪ್ಪಿಗೆಯಾಗಲಿಲ್ಲ ಅಂತ ಕಾಣುತ್ತೆ. 'ಕಲೀಲಾ ಮತ್ತು ದಿಮ್ನಾ'ದಲ್ಲಿ ನರಿಯ ವಿಚಾರಣೆಯದೇ ಒಂದು ಅಧ್ಯಾಯ ಇದೆ, ಅದು ಅವನೇ ಸೇರಿಸಿದ್ದು ಅಂತ ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಒಂದು ಸೊಗಸಾದ ಜಾಗ ಬರುತ್ತೆ. ಹಂದಿಗಳ ಮುಖಂಡ ಎದ್ದು, ಇವನ ಮುಖಲಕ್ಷಣ ನೋಡಿದರೇ ದುಷ್ಟ ಅಂತ ಗೊತ್ತಾಗುತ್ತೆ ಅನ್ನುತ್ತಾನೆ. ದಿಮ್ನಾ ಬಿಡುತ್ತಾನಾ? ಹುಟ್ಟಿನ ಗುರುತೇ ಕೆಲಸ ಮಾಡಿಸುವುದಾದರೆ ಒಳ್ಳೆಯವನನ್ನು ಹೊಗಳುವುದೇಕೆ, ಕೆಟ್ಟವನನ್ನು ದಂಡಿಸುವುದೇಕೆ ಅಂತ ಕೇಳಿ ಬಾಯಿ ಮುಚ್ಚಿಸುತ್ತಾನೆ. ಅಪರಾಧಿಯ ಬಾಯಲ್ಲೇ ನ್ಯಾಯದ ಮಾತು! ಕೊನೆಗೆ ಅವನು ಸಿಕ್ಕಿಬೀಳುವುದು ಮುಖದಿಂದಲ್ಲ, ಅವನ ಮಾತನ್ನು ಕದ್ದು ಕೇಳಿದ್ದ ಇಬ್ಬರ ಸಾಕ್ಷಿಯಿಂದ.

ನಮ್ಮ ತಾಳವಾಡಿ ಕಡೆಯ ಮಕ್ಕಳಿಗೆ ಇದು ಬರೀ ಕತೆಯಲ್ಲ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಹಸು ಸತ್ತರೆ ಊರೆಲ್ಲಾ ಚಿರತೆ ಅನ್ನುತ್ತೆ. ಅರಣ್ಯದವರು ಬಂದು ಹೆಜ್ಜೆ, ಹಲ್ಲಿನ ಗುರುತು ನೋಡಬೇಕು. ಮನುಷ್ಯರ ವಿಷಯದಲ್ಲೂ "ಆ ಕೇರಿಯವನಾ? ಹಾಗಾದರೆ ಅವನೇ" ಅನ್ನುವ ಮಾತು ನಾವು ಕೇಳದ್ದಲ್ಲ. ಅದಕ್ಕೇ ಕತೆ ಹೇಳುವಾಗ ನರಿಯ ಹೆಸರನ್ನು ಮುಚ್ಚಿಟ್ಟು ಕೊನೆಗೆ ಬಯಲು ಮಾಡುವ ಆಟ ನನಗೆ ಹಿಡಿಸುವುದಿಲ್ಲ. ಮೊದಲೇ ಹೇಳಿಬಿಡಿ, ಆಮೇಲೆ "ಹೇಗೆ ಸಾಬೀತು ಮಾಡ್ತೀರಿ?" ಅಂತ ಮಕ್ಕಳನ್ನೇ ಕೇಳಿ.

ಇನ್ನೊಂದು ವಿಷಯ. ದೀಪಾವಳಿ ಆದಮೇಲೆ ನಮ್ಮ ಗುಮಟಾಪುರದ ಗೊರೆಹಬ್ಬದಲ್ಲಿ ಚಾಡಿಕೋರನನ್ನು ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರಲ್ಲ, ದಮನಕನಿಗೆ ತಕ್ಕ ಜಾಗ ಅದು. ಚಾಡಿ ಕೇಳಿದ ಪಿಂಗಳಕನಿಗೆ ಮಾತ್ರ ಪಂಚತಂತ್ರದಲ್ಲೂ ಕತ್ತೆ ಇಲ್ಲ, ಅರಬ್ಬಿಯಲ್ಲೂ ಇಲ್ಲ. ವಿಚಾರಣೆ ಅಂತ ಆದಾಗಲೂ ಕೊನೆಗೆ ಶಿಕ್ಷೆಯ ಆಜ್ಞೆ ಕೊಟ್ಟವನು ಅವನೇ ನೋಡಿ!