ನೋಟೀಸಿನ ಮೇಲೆ ನೋಟೀಸು

ನಿಯಮ ಮುರಿದವರಿಗೆ ಒಂದು ನೋಟೀಸು, ಮತ್ತೆ ಮುರಿದರೆ ಇನ್ನೊಂದು ನೋಟೀಸು. ಮೂರನೆಯ ಸಲಕ್ಕೆ ಕೊಡುವವರಿಗೂ ಪಡೆಯುವವರಿಗೂ ಅದು ಬರಿಯ ಕಾಗದವಾಗುತ್ತದೆ. ನಮ್ಮ ಊರುಗಳ ಅನೇಕ ಮನೆಮಾಲಕರ ಸಂಘಗಳು ಈ ಸ್ಥಿತಿಗೆ ಬಂದು ನಿಂತಿವೆ. ಎಲ್ಲರ ದಾರಿಯಲ್ಲಿ ಕಾರು ನಿಲ್ಲಿಸುವುದು, ಚರಂಡಿಗೆ ಕಸ ಸುರಿಯುವುದು, ವಾಸದ ಮನೆಯನ್ನು ದಿನಬಾಡಿಗೆಗೆ ಕೊಡುವುದು ಮರುಕಳಿಸುತ್ತಲೇ ಇದ್ದರೆ ಸಂಘ ಏನು ಮಾಡಬೇಕು? ಉತ್ತರ ಬೇಕಾದವರು ನೀಲಗಿರಿಯ ಅನುಭವವನ್ನೊಮ್ಮೆ ನೋಡುವುದೊಳಿತು.

ಮುದುಮಲೆ ಕಾಡಿನಂಚಿನ ಮಸಿನಗುಡಿ, ಸಿಗೂರು ಪ್ರದೇಶ ಆನೆಗಳು ನಡೆದಾಡುವ ದಾರಿ. 2010ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಅದನ್ನು ಆನೆಪಥವೆಂದು ಘೋಷಿಸಿತು. 2011ರಲ್ಲಿ ಮದರಾಸು ಹೈಕೋರ್ಟು ಆ ಘೋಷಣೆಯನ್ನು ಎತ್ತಿಹಿಡಿಯಿತು. ಆದರೂ ಪ್ರವಾಸಿಗಳ ವಸತಿಗೃಹಗಳು ನಡೆಯುತ್ತಲೇ ಇದ್ದವು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು 27 ರೆಸಾರ್ಟುಗಳಿಗೆ 48 ಗಂಟೆಗಳೊಳಗೆ ಬೀಗಮುದ್ರೆ ಹಾಕಬೇಕೆಂದು ಆಜ್ಞಾಪಿಸಿತು. 2020ರ ಅಕ್ಟೋಬರ್ 14ರಂದು ಹೈಕೋರ್ಟಿನ ತೀರ್ಪನ್ನು ಕಾಯಂಗೊಳಿಸಿ, ಮಾಲಕರ ಅಹವಾಲು ಕೇಳಲು ಸಮಿತಿಯೊಂದನ್ನೂ ನೇಮಿಸಿತು. ಇಷ್ಟಾಗಿ ಮೂರು ತಿಂಗಳಲ್ಲೇ, ಮಸಿನಗುಡಿಯ ಪರವಾನಿಗೆಯಿಲ್ಲದ ವಸತಿಗೃಹವೊಂದರ ಬಳಿ ಬಂದ ಆನೆಯ ಮೇಲೆ ಉರಿಯುವ ಟಯರು ಎಸೆಯಲಾಯಿತು. 2021ರ ಜನವರಿ 19ರಂದು ಆ ಮೂಕಪ್ರಾಣಿ ಸತ್ತಿತು. ಪರವಾನಿಗೆಯಿಲ್ಲದ ವಸತಿಗೃಹಗಳ ಮೇಲಿನ ಕ್ರಮಕ್ಕೆ ಚುರುಕು ಬಂದದ್ದು ಆಮೇಲೆ.

ಅಲ್ಲಿ ನಿಯಮ ಇರಲಿಲ್ಲವೆನ್ನುವಂತಿಲ್ಲ; ಶಿಕ್ಷೆಗೆ ಅವಕಾಶ ಇರಲಿಲ್ಲವೆನ್ನುವಂತೆಯೂ ಇಲ್ಲ. ತಪ್ಪು ಕಂಡಂದಿಗೂ ಕ್ರಮ ಕೈಗೊಂಡಂದಿಗೂ ನಡುವೆ ವರ್ಷಗಳು ಸಂದವು. ಅಷ್ಟರಲ್ಲಿ ಆ ವಸತಿಗೃಹಗಳ ಕೂಲಿಯನ್ನೇ ನಂಬಿದ ಬಡ ಕುಟುಂಬಗಳೂ ಹುಟ್ಟಿಕೊಂಡವು. ಬೀಗ ಬಿದ್ದಾಗ ಅವರ ಹೊಟ್ಟೆಗೂ ಪೆಟ್ಟು ಬಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮನೆಮಾಲಕರ ಸಂಘಕ್ಕೂ ಇದೇ ಮಾತು ಸಲ್ಲುತ್ತದೆ. ಮೊದಲ ತಪ್ಪಿಗೆ ಪದಾಧಿಕಾರಿಗಳಿಬ್ಬರು ಮನೆಗೆ ಹೋಗಿ ಮಾತಾಡಲಿ. ಎರಡನೆಯದಕ್ಕೆ, ಯಾವ ನಿಯಮ, ಯಾವ ದಿನ, ಸರಿಪಡಿಸಲು ಎಷ್ಟು ದಿನದ ಗಡುವು ಎಂಬುದನ್ನು ಬರಹದಲ್ಲಿ ಕೊಡಲಿ. ಮೂರನೆಯದಕ್ಕೆ ಸಮಿತಿಯ ಮುಂದೆ ಕರೆಸಿ, ಅವರ ಸಮಜಾಯಿಷಿ ಕೇಳಿ, ಉಪನಿಯಮದಲ್ಲಿರುವ ದಂಡವನ್ನು ವಿಧಿಸಲಿ. ಗಡುವು ಮೀರಿದರೆ ಪಂಚಾಯತಿಗೋ ನ್ಯಾಯಾಲಯಕ್ಕೋ ಹೋಗಲಿ. ನೀರು ಕಡಿಯುವುದು, ಮಕ್ಕಳನ್ನು ಆಟಕ್ಕೆ ಸೇರಿಸದಿರುವುದು ಸಲ್ಲದು. ಅದು ಶಿಸ್ತಲ್ಲ, ಹಗೆ. ಕಾರ್ಯದರ್ಶಿಯ ಕಾರು ದಾರಿಗೆ ಅಡ್ಡ ನಿಂತಾಗಲೂ ಇದೇ ಕ್ರಮ ನಡೆಯಬೇಕು. ಬೇಲಿಯೇ ಹೊಲ ಮೇಯ್ದರೆ ಮಿಕ್ಕವರು ನಿಯಮಕ್ಕೆ ಬೆಲೆ ಕೊಡಲಾರರು.

ನಮ್ಮ ಓದುಗರ ಪಾಲಿಗೆ ಮುಖ್ಯವಾದ ಇನ್ನೊಂದು ಮಾತಿದೆ. ಮಲೆಯಾಳದಲ್ಲಿ ಮಾತ್ರ ಬರೆದ ನೋಟೀಸನ್ನು ಮಲೆಯಾಳ ಓದಲು ಬಾರದ ಮನೆಯ ಬಾಗಿಲಿಗೆ ಅಂಟಿಸಿದರೆ, ಆ ಮನೆಯವರನ್ನು ಪದೇ ಪದೇ ತಪ್ಪು ಮಾಡುವವರೆಂದು ಕರೆಯುವುದು ನ್ಯಾಯವೇ? ತಮಿಳು, ಮಲೆಯಾಳ, ಕನ್ನಡ, ಬಡಗ ಮಾತುಗಳು ಬೆರೆತ ನೀಲಗಿರಿಯಲ್ಲೂ ಈ ಪ್ರಶ್ನೆ ಏಳಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಸರಕಾರಿ ಕಚೇರಿಗಳೊಡನೆಯೇ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ನಮ್ಮವರಿಗೆ ಕೊಟ್ಟಿತು. ನೆರೆಕರೆಯವರೇ ಕೂಡಿ ಕಟ್ಟಿದ ಸಂಘ ಎರಡು ಸಾಲು ಕನ್ನಡ ಬರೆಯಲಾರದೇ? ಹಾಗೆಯೇ, ಓದಿ ತಿಳಿದ ಮೇಲೂ ನಿಯಮ ಮುರಿಯುವವರು ಭಾಷೆಯ ನೆಪ ಒಡ್ಡುವುದನ್ನು ನಾವು ಒಪ್ಪಲಾರೆವು.

ಸಂಘಗಳು ಮುಂದಿನ ಮಹಾಸಭೆಯಲ್ಲೇ ಈ ಕ್ರಮವನ್ನು ನಿರ್ಣಯವಾಗಿ ಅಂಗೀಕರಿಸಿ, ಪ್ರತಿಯೊಂದು ಮನೆಗೂ ಅವರವರ ಭಾಷೆಯಲ್ಲಿ ತಲಪಿಸಬೇಕು. ಕನ್ನಡ ಕುಟುಂಬಗಳೂ ಆ ಸಭೆಗೆ ತಪ್ಪದೆ ಹೋಗಬೇಕು. ನಿಯಮ ಮಾಡುವಾಗ ಮನೆಯಲ್ಲಿ ಕುಳಿತು, ನೋಟೀಸು ಬಂದಾಗ ಗೊಣಗುವುದರಿಂದ ಯಾರಿಗೂ ಪ್ರಯೋಜನವಿಲ್ಲ.